‘ಪಿಎಸ್‌ಐ ಆಗಬೇಕ್ರೀ ಸರ್’

ವಿಜಯಪುರದ ಯಾವುದೇ ಪದವಿ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ತರಗತಿಗೆ ಹೋಗಿ ‘ಮುಂದ ಏನಾಗಬೇಕಂತ ಮಾಡೀರಿ?’ ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಮೊದಲೇ ಗೊತ್ತಿರುವಂಥವು. ‘ಪಿಎಸ್‌ಐ ಆಗಬೇಕ್ರೀ ಸರ್.’ ‘ಪಿಡಿಒ ರೀ.’ ‘ಎಫ್‌ಡಿಎ ಆದ್ರೂ ಸಾಕ್ರೀ.’ ಹುಡುಗಿಯರ ಸಾಲಿನಿಂದ ಮೊದಲು ಬರುವುದು ‘ಬಿ.ಇಡಿ ಮಾಡಿ ಟೀಚರ್’. ಆಮೇಲೆ ಒಬ್ಬಿಬ್ಬರು ‘ಮನ್ಯಾಗ ಏನಂತಾರೋ ನೋಡಬೇಕ್ರೀ’ ಎಂದು ಮಾತು ಮುಗಿಸುತ್ತಾರೆ. ತಿಕೋಟಾ, ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳೂ ಇದನ್ನೇ ಹೇಳುತ್ತಾರೆ, ನಗರದಲ್ಲೇ ಹುಟ್ಟಿ ಬೆಳೆದವರೂ ಇದನ್ನೇ ಹೇಳುತ್ತಾರೆ.

ಹೊರಗಿನಿಂದ ಬಂದ ಅತಿಥಿಗಳು ಇದನ್ನು ಕೇಳಿ ಬೇಸರಪಡುವುದನ್ನು ಕಂಡಿದ್ದೇನೆ. ಅಬ್ದುಲ್ ಕಲಾಂ ಅವರ ಹೆಸರು ಹೇಳಿ, ‘ದೊಡ್ಡ ಕನಸು ಕಾಣಿ’ ಎಂದು ಹುರಿದುಂಬಿಸಿ ಹೋಗುತ್ತಾರೆ. ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತಿನೊಳಗೆ ಒಂದು ಆರೋಪವಿದೆ. ಕನಸು ಸಣ್ಣದಾಗಿದ್ದರೆ ಅದು ಮಕ್ಕಳ ಕೊರತೆ ಎಂಬ ಆರೋಪ. ಅದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ಪಿಎಸ್‌ಐ ಆಗಬೇಕು ಎನ್ನುವಾಗ ಅವನ ಮನೆ, ಅವನ ಹೊಲದ ನೀರು, ಅವನ ಅಕ್ಕನ ಮದುವೆಯ ಸಾಲ, ಅವನ ಊರಿಗೆ ಬರುವ ಕೊನೆಯ ಬಸ್ಸು ಎಲ್ಲವೂ ಸೇರಿ ಆ ಮಾತನ್ನು ಆಡಿಸಿರುತ್ತವೆ.

ಅರ್ಥಶಾಸ್ತ್ರಜ್ಞ ದೇಬ್ರಾಜ್ ರೇ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಮನುಷ್ಯ ತನ್ನ ಆಸೆಗಳನ್ನು ಇಡೀ ಜಗತ್ತನ್ನು ನೋಡಿ ಕಟ್ಟಿಕೊಳ್ಳುವುದಿಲ್ಲ, ತನ್ನಂಥವರನ್ನು ನೋಡಿ ಕಟ್ಟಿಕೊಳ್ಳುತ್ತಾನೆ ಎಂಬುದು ಅವರ ವಾದ. ತನ್ನಂಥವರು ಎಂದು ಅನಿಸುವವರ ಬಳಗ ಎಷ್ಟು ದೊಡ್ಡದೋ ಆಸೆಯ ಕಿಟಕಿಯೂ ಅಷ್ಟೇ ದೊಡ್ಡದು. ಅವರ ವಾದದ ಇನ್ನೊಂದು ಭಾಗ ನಮಗೆ ಹೆಚ್ಚು ಮುಖ್ಯ. ನಿಂತ ಜಾಗಕ್ಕೂ ಮುಟ್ಟಬೇಕಾದ ಜಾಗಕ್ಕೂ ಅಂತರ ತೀರಾ ಕಡಿಮೆಯಿದ್ದರೆ ಮನುಷ್ಯ ಪ್ರಯತ್ನ ಮಾಡುವುದಿಲ್ಲ. ಅಂತರ ತೀರಾ ದೊಡ್ಡದಾದರೂ ಮಾಡುವುದಿಲ್ಲ, ಕೈಚೆಲ್ಲುತ್ತಾನೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇನ್ನೊಂದು ಮಾತು ಸೇರಿಸಿದರು. ಆಸೆಪಡುವುದು ಒಂದು ಸಾಮರ್ಥ್ಯ, ಬಳಸಿದಷ್ಟೂ ಬೆಳೆಯುವಂಥದ್ದು. ಉಳ್ಳವರಿಗೆ ಅದನ್ನು ಬಳಸಿ ನೋಡುವ ಅವಕಾಶ ಹೆಚ್ಚು ಸಿಗುವುದರಿಂದ ಅವರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ.

ಈಗ ತಿಕೋಟಾದ ಹುಡುಗನಿಗೆ ಕಾಣುವುದೇನು? ಊರಿನಲ್ಲಿ ಪೊಲೀಸ್ ಠಾಣೆಯಿದೆ, ಅಲ್ಲಿ ಪಿಎಸ್‌ಐ ಇದ್ದಾರೆ. ಪಂಚಾಯಿತಿಯಲ್ಲಿ ಪಿಡಿಒ ಇದ್ದಾರೆ. 2018ರ ಸುಮಾರಿಗೆ ತಿಕೋಟಾ, ಬಬಲೇಶ್ವರ ಎರಡೂ ಹೊಸ ತಾಲೂಕುಗಳಾದ ಮೇಲೆ ತಹಶೀಲ್ದಾರರ ಕಚೇರಿ ಕಣ್ಣೆದುರಿಗೇ ಬಂತು. ಇವರೆಲ್ಲ ಅವನಿಗೆ ಹೆಸರು ಹಿಡಿದು ಗೊತ್ತಿರುವ ಮನುಷ್ಯರು. ಅವರಲ್ಲಿ ಒಬ್ಬರಾದರೂ ಅವನಂಥದೇ ಊರಿನಿಂದ, ಕನ್ನಡ ಸಾಲಿಯಿಂದ ಬಂದವರು. ವಿನ್ಯಾಸಗಾರ, ಸಂಶೋಧಕ, ನಗರ ಯೋಜಕ, ಕಂಪನಿ ಕಾರ್ಯದರ್ಶಿ ಇವರನ್ನು ಅವನು ನೋಡಿಯೇ ಇಲ್ಲ. ನೋಡದ್ದನ್ನು ಯಾರೂ ಬಯಸುವುದಿಲ್ಲ. ಮೊಬೈಲಿನಲ್ಲಿ ಎಲ್ಲವೂ ಕಾಣುತ್ತದಲ್ಲ ಎನ್ನಬಹುದು. ಕಾಣುತ್ತದೆ, ಆದರೆ ಅಲ್ಲಿಗೆ ಹೋಗುವ ಹಾದಿ ಕಾಣುವುದಿಲ್ಲ. ಯಾವ ಅರ್ಜಿ, ಯಾವ ತಿಂಗಳು, ಎಷ್ಟು ಫೀಸು, ಎಲ್ಲಿ ಇರುವುದು ಎಂಬುದನ್ನು ರೀಲ್ಸ್ ಹೇಳುವುದಿಲ್ಲ. ರೇ ಹೇಳಿದ ದೊಡ್ಡ ಅಂತರ ಇದೇ.

ಮನೆಯ ಕಡೆ ಬರೋಣ. ತಿಕೋಟಾ ಮತ್ತು ಬಬಲೇಶ್ವರ ದ್ರಾಕ್ಷಿಯ ಸೀಮೆ. ಇಲ್ಲಿಯ ಬಹುಪಾಲು ದ್ರಾಕ್ಷಿ ಹಣ್ಣಾಗಿ ಮಾರಾಟವಾಗುವುದಿಲ್ಲ, ಮಣೂಕವಾಗಿ, ಅಂದರೆ ಒಣದ್ರಾಕ್ಷಿಯಾಗಿ ಹೋಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಡದ (ದ್ರಾಕ್ಷಿ ತೋಟದ) ಪಕ್ಕದ ಶೆಡ್ಡುಗಳಲ್ಲಿ ಮೇಲಿಂದ ಕೆಳಗೆ ಹಂತ ಹಂತವಾಗಿ ಬಲೆ ಕಟ್ಟಿರುತ್ತಾರೆ. ಕೊಯ್ದ ಗೊಂಚಲನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರಡುತ್ತಾರೆ. ಎರಡು ವಾರ ನೆರಳಿನಲ್ಲೇ ಒಣಗಬೇಕು. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ. ಆ ಎರಡು ವಾರದಲ್ಲಿ ಮುಗಿಲಿಗೆ ಮೋಡ ಬಂದರೆ ಮನೆಮಂದಿಗೆಲ್ಲ ಎದೆ ಧಸಕ್ ಅನ್ನುತ್ತದೆ. ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ತಾಸಗಾಂವ, ಸಾಂಗ್ಲಿ ಪೇಟೆಯಲ್ಲಿ ದರ ಬೀಳುತ್ತದೆ. ಕಿಲೋಗೆ ನೂರು ರೂಪಾಯಿಯ ಆಸುಪಾಸಿಗೆ ಇಳಿದ ವರ್ಷವೂ ಉಂಟು. ದ್ವಿತೀಯ ಪಿಯು ಪರೀಕ್ಷೆ ನಡೆಯುವುದೂ ಇದೇ ಮಾರ್ಚ್‌ನಲ್ಲಿ. ಹಗಲು ಶೆಡ್ಡಿನಲ್ಲಿ ತೊಟ್ಟು ಬಿಡಿಸಿ ರಾತ್ರಿ ಓದಿದ ಮಕ್ಕಳು ಎಷ್ಟು ಅಂಕ ತಂದರೂ ಆ ಅಂಕವನ್ನು ನಗರದ ಕೋಚಿಂಗ್ ಹುಡುಗರ ಅಂಕದ ಪಕ್ಕದಲ್ಲಿಟ್ಟು ತೂಗಬಾರದು.

ಈ ಸೀಮೆಗೆ ನೀರು ಬಂದದ್ದು ಇತ್ತೀಚೆಗೆ. ಸುಮಾರು 600 ಮಿ.ಮೀ. ಮಳೆಯ ನಾಡಿದು. 2015, 2016ರ ಬರದಲ್ಲಿ ಟ್ಯಾಂಕರಿನಿಂದ ಬಳ್ಳಿಗೆ ನೀರು ಹಾಕಿ ಪಡ ಉಳಿಸಿಕೊಂಡ ರೈತರು ಎಷ್ಟೋ ಮಂದಿ. ಆಮೇಲೆ ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ ಏತ ನೀರಾವರಿ, ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ನೀರೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಬಂದು ಕೆರೆಗಳು ತುಂಬಿದವು. ಗಡಿಯಾಚೆಯ ಜತ್ತ ತಾಲೂಕಿನ ಕನ್ನಡದ ಹಳ್ಳಿಗಳು ನಮಗೂ ಈ ನೀರು ಕೊಡಿ ಎಂದು ಕೇಳುವಷ್ಟು ಬದಲಾವಣೆ ಆಯಿತು. ನೀರು ಬಂದರೆ ಮೊದಲು ಬದಲಾಗುವುದು ಬೆಳೆ, ಎರಡನೆಯದು ಮಕ್ಕಳ ಸಾಲಿ. ಟ್ಯಾಂಕರಿಗೆ ಹೋಗುತ್ತಿದ್ದ ದುಡ್ಡು ವಿಜಯಪುರದ ಹಾಸ್ಟೆಲಿಗೆ, ಧಾರವಾಡದ ಕೋಚಿಂಗಿಗೆ ಹೋಗತೊಡಗಿತು. ಇದನ್ನು ನೀರಾವರಿ ಇಲಾಖೆಯ ಯಾವ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು.

ಹಾಗಾದರೆ ಒಳ್ಳೆಯ ವರ್ಷದಲ್ಲಿ ಪಿಡಿಒ ಸಂಬಳಕ್ಕಿಂತ ಹೆಚ್ಚು ಗಳಿಸುವ ದ್ರಾಕ್ಷಿ ಬೆಳೆಗಾರನ ಮಗ ದ್ರಾಕ್ಷಿ ಬೆಳೆಗಾರ ಆಗಬೇಕೆಂದು ಯಾಕೆ ಹೇಳುವುದಿಲ್ಲ? ಚಾಟ್ನಿ (ಬಳ್ಳಿ ಸವರುವುದು) ಯಾವಾಗ, ಔಷಧ ಯಾವುದು, ಯಾವ ವಾರ ನೀರು ಬಿಡಬೇಕು ಎಂಬುದು ಅವನಿಗೆ ಬಾಯಿಪಾಠ ಇರುತ್ತದೆ. ಆದರೂ ಹೇಳುವುದಿಲ್ಲ. ದರದ ಅನಿಶ್ಚಯ ಒಂದು ಕಾರಣ. ಇನ್ನೊಂದನ್ನು ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಟ್ಟೆಯ ಮೇಲೆ ಕೂತಾಗ ಹೇಳುತ್ತಾರೆ. ರೈತನಿಗೆ ಕನ್ಯಾ ಕೊಡುವುದಿಲ್ಲ. ಹತ್ತು ಎಕರೆ ಪಡ ಇದ್ದರೂ ‘ಹುಡುಗಗ ನೌಕರಿ ಐತೇನು?’ ಎಂಬುದೇ ಹುಡುಗಿಯ ಕಡೆಯವರ ಮೊದಲ ಪ್ರಶ್ನೆ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಮೂವತ್ತೈದು ದಾಟಿದ ಅವಿವಾಹಿತ ರೈತ ಯುವಕರಿದ್ದಾರೆ. ಇದನ್ನು ಕಣ್ಣಾರೆ ಕಂಡ ಹತ್ತೊಂಬತ್ತರ ಹುಡುಗ ಸರ್ಕಾರಿ ನೌಕರಿ ಬಯಸುವುದು ಸಂಬಳಕ್ಕಾಗಿ ಮಾತ್ರವಲ್ಲ, ಮನುಷ್ಯನಾಗಿ ಲೆಕ್ಕಕ್ಕೆ ಬರುವುದಕ್ಕಾಗಿ. ಹುಡುಗಿಯ ತಂದೆಯನ್ನೂ ಪೂರ್ತಿ ತಪ್ಪು ಎನ್ನಲಾರೆ. ಹೊಲದಲ್ಲಿ ಹೆಂಡತಿ ಸವೆದದ್ದನ್ನು ಅವನೂ ಕಂಡಿದ್ದಾನೆ, ಮಗಳು ಸವೆಯಬಾರದು ಎಂದು ಬಯಸುತ್ತಾನೆ.

ಹೀಗೆ ಹುಡುಗನ ಕನಸನ್ನು ಬೀಗರಾಗುವವರು ತಿದ್ದುತ್ತಾರೆ. ಹುಡುಗಿಯ ಕನಸನ್ನಂತೂ ಅವರು ಅರ್ಧಕ್ಕೇ ನಿಲ್ಲಿಸಬಲ್ಲರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಪದವಿಗೆ ಬಂದ ಹುಡುಗಿ ಆ ಗಂಡಾಂತರ ದಾಟಿ ಬಂದವಳು. ಆದರೆ ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ‘ಕನ್ಯಾ ನೋಡಾಕ ಬರ್ತಾರ, ಎರಡು ದಿನ ಕಾಲೇಜಿಗೆ ಬರೂದಿಲ್ರೀ’ ಎಂಬ ರಜೆ ಚೀಟಿಗಳು ಶುರುವಾಗುತ್ತವೆ. ಟೀಚರ್ ಆಗಬೇಕು ಎಂಬ ಅವಳ ಮಾತನ್ನು ಈ ಬೆಳಕಿನಲ್ಲಿ ಕೇಳಿಸಿಕೊಳ್ಳಬೇಕು. ಗಂಡನ ಮನೆಯವರೂ ಬೇಡ ಎನ್ನಲಾಗದ, ಸಂಜೆ ಹೊತ್ತಿಗೆ ಮನೆ ಸೇರಬಹುದಾದ, ಯಾವ ಊರಿಗೆ ಕೊಟ್ಟರೂ ಸಿಗಬಹುದಾದ ಕೆಲಸ ಅದು. ಮುಂದೆ ಬರುವ ಅಡ್ಡಿಗಳನ್ನೆಲ್ಲ ಎಣಿಸಿ ಆಕೆ ಅದನ್ನು ಆರಿಸಿಕೊಂಡಿದ್ದಾಳೆ.

ಬಸ್ಸಿನ ವಿಷಯವನ್ನು ನಾವು ಹಗುರವಾಗಿ ತಗೊಳ್ಳುತ್ತೇವೆ. ತಿಕೋಟಾ ವಿಜಯಪುರದಿಂದ ಅಥಣಿ ರಸ್ತೆಯಲ್ಲಿದೆ, ಬಬಲೇಶ್ವರ ಜಮಖಂಡಿ ಕಡೆಯ ರಸ್ತೆಯಲ್ಲಿ. ಎರಡೂ ಇಪ್ಪತ್ತು–ಇಪ್ಪತ್ತೈದು ಕಿ.ಮೀ. ಸುತ್ತಿನಲ್ಲೇ ಇವೆ. ಮುಖ್ಯ ರಸ್ತೆಯ ಊರಿನವರಿಗೆ ತೊಂದರೆ ಕಡಿಮೆ. ತೊಂದರೆ ಇರುವುದು ಒಳಗಿನ ಹಳ್ಳಿ, ತಾಂಡಾಗಳಿಗೆ. ಸಂಜೆಯ ಕೊನೆಯ ಬಸ್ಸು ಬೇಗ ಹೊರಟರೆ ವಿಜ್ಞಾನದ ಪ್ರಯೋಗಾಲಯದ ತರಗತಿ ತಪ್ಪುತ್ತದೆ. ಅದಕ್ಕೇ ಎಷ್ಟೋ ಹುಡುಗಿಯರು ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತಂದೂ ಕಲಾ ವಿಭಾಗಕ್ಕೆ ಬರುತ್ತಾರೆ. ವಿಷಯ ಆರಿಸಿದ್ದು ಅವರಲ್ಲ, ಬಸ್ಸಿನ ವೇಳಾಪಟ್ಟಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ‘ದಿನಾ ಬಸ್ಸಿಗೆ ರೊಕ್ಕ ಎಲ್ಲಿಂದ ತರೂದು’ ಎಂಬ ಮಾತು ಮನೆಯಲ್ಲಿ ನಿಂತಿತು. ಇದು ಸಣ್ಣ ಸಂಗತಿಯಲ್ಲ. ಇನ್ನು ಬೇಕಾದದ್ದು ಹೆಚ್ಚು ಬಸ್ಸು, ಸರಿಯಾದ ಹೊತ್ತಿಗೆ.

ಅದೇ ಅಥಣಿ ರಸ್ತೆಯಲ್ಲಿ, ನಗರ ದಾಟುತ್ತಲೇ ತೊರವಿ ಸಿಗುತ್ತದೆ. ರಾಜ್ಯದ ಏಕೈಕ ಮಹಿಳಾ ವಿಶ್ವವಿದ್ಯಾಲಯವಾಗಿ 2003ರಲ್ಲಿ ಶುರುವಾಗಿ, 2017ರಿಂದ ಅಕ್ಕಮಹಾದೇವಿಯ ಹೆಸರು ಹೊತ್ತ ವಿಶ್ವವಿದ್ಯಾಲಯದ ಆವರಣ ಅಲ್ಲಿದೆ. ತಿಕೋಟಾದ ಹುಡುಗಿ ದಿನಕ್ಕೆರಡು ಸಲ ಆ ಗೇಟಿನ ಮುಂದೆ ಹಾದುಹೋಗುತ್ತಾಳೆ. ಹೆಣ್ಣುಮಕ್ಕಳು ಪಿಎಚ್.ಡಿ ಮಾಡುತ್ತಾರೆ ಎಂಬುದನ್ನು ಆಕೆಗೆ ಯಾರೂ ಭಾಷಣ ಮಾಡಿ ಹೇಳಬೇಕಿಲ್ಲ, ಬಸ್ ಸ್ಟಾಪಿನಲ್ಲಿ ಅವರು ಹತ್ತಿ ಇಳಿಯುವುದನ್ನು ನೋಡುತ್ತಾಳೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿದೆ. ಮಹಿಳಾ ಮೀಸಲಾತಿಯಿಂದ ಎರಡು ಅವಧಿಗೆ ಹೆಣ್ಣುಮಕ್ಕಳು ಗ್ರಾಮದ ಮುಖ್ಯಸ್ಥರಾದ ಕಡೆ, ಮಗ ಮತ್ತು ಮಗಳ ಬಗ್ಗೆ ತಂದೆತಾಯಿ ಇಟ್ಟುಕೊಳ್ಳುವ ಆಸೆಗಳ ನಡುವಿನ ಅಂತರ ಕಡಿಮೆಯಾಯಿತು. ಹುಡುಗಿಯರು ತಮ್ಮ ಬಗ್ಗೆ ಇಟ್ಟುಕೊಳ್ಳುವ ಆಸೆಯೂ ಬೆಳೆಯಿತು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗಿದೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂರುವ ಊರಿನಲ್ಲಿ ಈ ಫಲ ಸಿಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ನೂರು ವರ್ಷದ ಹಿಂದೆ ಈ ಜಿಲ್ಲೆಯ ಸ್ಥಿತಿ ನೆನೆದರೆ ನಾವು ಎಷ್ಟು ದೂರ ಬಂದಿದ್ದೇವೆ ಎಂಬುದು ತಿಳಿಯುತ್ತದೆ. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಪದವಿಗೆ ಮುಂಬಯಿಗೆ ಹೋಗಬೇಕಾಯಿತು. ಆಮೇಲೆ ವಕೀಲರಾಗಿ ವಿಜಯಪುರಕ್ಕೆ ಬಂದವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಲು ಮುಂದಾದರು. 1945ರಲ್ಲಿ ವಿಜಯ ಕಾಲೇಜು ಬಂತು. ಕಾಲೇಜು ಊರಿಗೆ ಬಂದ ಮೇಲೆಯೇ ಊರಿನವರಿಗೆ ಕಾಲೇಜಿನ ಆಸೆ ಹುಟ್ಟಿತು. 2011ರ ಜನಗಣತಿಯಲ್ಲೂ ಜಿಲ್ಲೆಯ ಸಾಕ್ಷರತೆ ಶೇ 67, ರಾಜ್ಯದ ಸರಾಸರಿ ಶೇ 75. ಇವತ್ತು ಪದವಿ ಓದುತ್ತಿರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಕ್ಕೋ ದುಡಿಯಲು ಗೋವಾಕ್ಕೋ ಹೋದ ತಂದೆತಾಯಿಯ ಮಕ್ಕಳು ಅಜ್ಜಿಯ ಬಳಿ, ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಾರೆ. ‘ಮುಂದೇನು’ ಎಂದು ಕೇಳಿದರೆ ಉತ್ತರಿಸಲು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಕಾಲೇಜಿನ ಮೇಸ್ಟ್ರೇ ಅವರಿಗೆ ಮೊದಲ ದಾರಿದೀಪ.

ಆ ಮೇಸ್ಟ್ರ ಸ್ಥಿತಿ ಏನು? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಎಂ.ಎ., ನೆಟ್, ಪಿಎಚ್.ಡಿ ಎಲ್ಲ ಮುಗಿಸಿ, ಸೆಮಿಸ್ಟರ್ ನಡುವೆ ಗೌರವಧನವಿಲ್ಲದ ತಿಂಗಳುಗಳನ್ನು ಹೇಗೋ ತಳ್ಳಿ, ಮುಂದಿನ ವರ್ಷ ಈ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದ ವ್ಯಕ್ತಿ ಆ ಹುಡುಗನ ಎದುರಿಗೆ ನಿಂತು ಇತಿಹಾಸ ಪಾಠ ಮಾಡುತ್ತಾರೆ. ಪಾಠ ಚೆನ್ನಾಗಿಯೇ ಇರುತ್ತದೆ. ಆದರೆ ಹುಡುಗ ಪಾಠದ ಜೊತೆಗೆ ಅವರ ಬದುಕನ್ನೂ ಓದುತ್ತಾನೆ. ಊರಿನಲ್ಲೇ ಅತಿ ಹೆಚ್ಚು ಓದಿದವರ ಗತಿ ಹೀಗಾದರೆ ಓದು, ಸಂಶೋಧನೆ ಬೇಡ, ಮೊದಲು ನೌಕರಿ ಹತ್ತಬೇಕು ಎಂಬ ತೀರ್ಮಾನಕ್ಕೆ ಬರುತ್ತಾನೆ. ಇದಕ್ಕಿಂತ ನೋವಿನ ಸಂಗತಿ ನಮ್ಮ ಕಾಲೇಜುಗಳಲ್ಲಿ ಇನ್ನೊಂದು ಇದೆ ಎಂದು ನನಗೆ ಅನಿಸುವುದಿಲ್ಲ.

ಈ ತೀರ್ಮಾನಕ್ಕೆ ಬಂದವರೆಲ್ಲ ಸೇರುವುದು ನಗರದ ರೀಡಿಂಗ್ ರೂಮುಗಳಲ್ಲಿ. ಧಾರವಾಡದಂತೆ ವಿಜಯಪುರವೂ ಸ್ಪರ್ಧಾತ್ಮಕ ಪರೀಕ್ಷೆಯ ಊರಾಗಿದೆ. ತಿಂಗಳ ಬಾಡಿಗೆಗೆ ಒಂದು ಖುರ್ಚಿ, ಒಂದು ಪ್ಲಗ್ ಪಾಯಿಂಟ್, ಗೋಡೆಗೆ ಅಂಟಿಸಿದ ಪರೀಕ್ಷೆಯ ದಿನಾಂಕಗಳು. ನಸುಕಿನಲ್ಲಿ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಓಟದ ಅಭ್ಯಾಸ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಓಟ ಅವರ ಕೈಯಲ್ಲಿದೆ, ಪರೀಕ್ಷೆ ಅವರ ಕೈಯಲ್ಲಿಲ್ಲ. 2021ರ ಜನವರಿಯಲ್ಲಿ 545 ಪಿಎಸ್‌ಐ ಹುದ್ದೆಗೆ ಅರ್ಜಿ ಕರೆದರು. ಆ ವರ್ಷದ ಅಕ್ಟೋಬರ್ 3ರಂದು 54 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ಕ್ಕೆ ಮತ್ತೆ ನಡೆಸಬೇಕಾಯಿತು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಕನ್ನಡದ ರಾಜ್ಯದಲ್ಲೇ ಪ್ರಶ್ನೆ ಅರ್ಥವಾಗಲಿಲ್ಲ. 2024ರ ಅಕ್ಟೋಬರ್ ಕೊನೆಯಿಂದ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆಗಳೇ ನಿಂತವು. ಇಪ್ಪತ್ತೆರಡರಿಂದ ಇಪ್ಪತ್ತೇಳರವರೆಗಿನ ವಯಸ್ಸು ಹೀಗೆ ಕಾಯುವುದರಲ್ಲೇ ಕಳೆಯುತ್ತದೆ.

ಜಿಲ್ಲೆಯ ಗಡಿಗೂ ಕನಸಿನ ಮೇಲೆ ಹಿಡಿತವಿದೆ. ಸಿಂದಗಿಯಿಂದ ಸ್ವಲ್ಪ ದೂರ ಹೋದರೆ ಕಲಬುರಗಿ ಜಿಲ್ಲೆ. ಅಲ್ಲಿಯ ಹುಡುಗನಿಗೆ 371ಜೆ ವಿಧಿಯ ಮೀಸಲಾತಿ ಇದೆ, ಈಚೆಯವನಿಗೆ ಇಲ್ಲ. ಒಂದು ಕಡೆ ನಿಜಾಮರ ಸೀಮೆ, ಇನ್ನೊಂದು ಕಡೆ ಮುಂಬಯಿ ಪ್ರಾಂತ್ಯ ಎಂಬ ಹಳೆಯ ಗೆರೆ ಇವತ್ತಿನ ಸೀಟು ಹಂಚುತ್ತಿದೆ. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿದ್ದು ನ್ಯಾಯವೇ. ಆದರೆ ಬರ ಮತ್ತು ಗುಳೆ ಆ ಗೆರೆ ನೋಡಿ ಬರುವುದಿಲ್ಲ. ವೈದ್ಯರಾಗಬೇಕೆನ್ನುವವರ ಲೆಕ್ಕವೂ ಹೀಗೆಯೇ. ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಎರಡೂ ಖಾಸಗಿ. ಪೂರ್ತಿ ಸರ್ಕಾರಿಯಾದ ವೈದ್ಯಕೀಯ ಕಾಲೇಜು ಬೇಕೆಂದು 2025ರಲ್ಲಿ ಇಲ್ಲಿ ತಿಂಗಳುಗಟ್ಟಲೆ ಧರಣಿ ನಡೆದದ್ದರ ಹಿಂದೆ ಈ ಮಕ್ಕಳ ಪ್ರಶ್ನೆಯೇ ಇತ್ತು.

ಕನಸು ಒಬ್ಬರದೇ ಆಗಿರುವುದಿಲ್ಲ ಎಂಬುದಕ್ಕೆ ಈ ಊರಿನ ಮಗಳೊಬ್ಬಳ ಮಾತು ನನಗೆ ಸದಾ ನೆನಪಾಗುತ್ತದೆ. ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್‌ಗೆ ತಲುಪಿಸಿದರು. ಊರಿಗೆ ಬಂದಾಗ ಸಚಿವರಾಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ಕಾರು ಬೇಡ, ನಮ್ಮ ಕುಟುಂಬಕ್ಕೆ ಮನೆ ಬೇಕಾಗಿದೆ ಎಂದರು ರಾಜೇಶ್ವರಿ. ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಅವರ ಮೇಲಿತ್ತು. ವಿಶ್ವಕಪ್ ಫೈನಲ್ ಆಡಿ ಬಂದವರ ಮನಸ್ಸಿನಲ್ಲೂ ಮೊದಲು ಇದ್ದದ್ದು ತಲೆಯ ಮೇಲಿನ ಸೂರು. ಪಿಎಸ್‌ಐ ಆಗಬೇಕೆನ್ನುವ ಹುಡುಗನೂ ಎಫ್‌ಡಿಎ ಸಾಕೆನ್ನುವ ಹುಡುಗಿಯೂ ಹೇಳುತ್ತಿರುವುದು ಅದನ್ನೇ. ತಂಗಿಯ ಓದು, ಅಪ್ಪನ ಸಾಲ, ಅವ್ವನ ಮೊಣಕಾಲು ನೋವು ಎಲ್ಲ ಆ ಒಂದು ನೌಕರಿಯೊಳಗೆ ಇವೆ.

ಆದ್ದರಿಂದ ಮಕ್ಕಳಿಗೆ ದೊಡ್ಡ ಕನಸು ಕಾಣಿ ಎಂದು ಹೇಳುವ ಬದಲು ಅವರಂಥವರೇ ನಡೆದ ಬೇರೆ ಬೇರೆ ಹಾದಿಗಳನ್ನು ತೋರಿಸಬೇಕು. ಸರ್ಕಾರದಿಂದ ಆಗಬೇಕಾದದ್ದು ಸ್ಪಷ್ಟವಾಗಿದೆ: ವರ್ಷಕ್ಕೊಂದು ಖಚಿತ ನೇಮಕಾತಿ ವೇಳಾಪಟ್ಟಿ, ಸರಿಯಾದ ಕನ್ನಡದ ಪ್ರಶ್ನೆಪತ್ರಿಕೆ, ಕಾಯಂ ಉಪನ್ಯಾಸಕರು, ಸಂಜೆ ಆರಕ್ಕೆ ಒಳಹಳ್ಳಿಗೆ ಹೋಗುವ ಬಸ್ಸು. ಉಳಿದದ್ದು ನಮ್ಮ ಕೈಯಲ್ಲೇ ಇದೆ. ತಿಕೋಟಾ, ಬಬಲೇಶ್ವರ, ವಿಜಯಪುರದ ಕಾಲೇಜುಗಳಲ್ಲಿ ಓದಿ ಈಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಬ್ಯಾಂಕು, ಆಸ್ಪತ್ರೆ, ನ್ಯಾಯಾಲಯ, ಕಾರ್ಖಾನೆ, ಪತ್ರಿಕೆಗಳಲ್ಲಿ ಕೆಲಸ ಮಾಡುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಜಾತ್ರೆಗೆ ಊರಿಗೆ ಬಂದಾಗ ಒಂದು ದಿನ ಹೆಚ್ಚು ಉಳಿಯಿರಿ. ನಿಮ್ಮ ಹಳೆಯ ಕಾಲೇಜಿನ ಪ್ರಾಚಾರ್ಯರಿಗೆ ಒಂದು ಫೋನ್ ಮಾಡಿ, ಒಂದು ತರಗತಿ ಕೇಳಿಕೊಳ್ಳಿ. ಭಾಷಣ ಬೇಡ. ಯಾವ ಅರ್ಜಿ ತುಂಬಿದಿರಿ, ಫೀಸಿಗೆ ಯಾರಲ್ಲಿ ಸಾಲ ಮಾಡಿದಿರಿ, ಇಂಗ್ಲಿಷಿನಲ್ಲಿ ಎಷ್ಟು ಸಲ ಫೇಲಾದಿರಿ, ಮೊದಲ ಸಂಬಳ ಎಷ್ಟು ಬಂತು ಎಂಬುದನ್ನಷ್ಟೇ ಹೇಳಿ. ಹೋಗುವ ಮುಂಚೆ ಹಲಗೆಯ ಮೇಲೆ ನಿಮ್ಮ ಮೊಬೈಲ್ ನಂಬರು ಬರೆದಿಟ್ಟು ಬನ್ನಿ.